ಅಂಬೇಡ್ಕರ್ ಓದು ಬಳಗಕ್ಕೆ ಹಾಲ್ ಕೊಡುತ್ತಿಲ್ಲ ಅಂದಿದ್ದಕ್ಕೆ

ನಿಮ್ಮ ಅಂಬೇಡ್ಕರ್ ಓದು ಬಳಗ ಸೇರೋಕೆ ಮೂರು ಸಲ ಹಾಲ್ ಕೇಳಿದರೂ ವಿವಿ ಕಚೇರಿಯವರು "ನೋಡೋಣ" ಅಂತ ಬಾಯಿಮಾತಲ್ಲೇ ಸಾಗಹಾಕುತ್ತಿದ್ದಾರೆ ಅಂದ್ರಲ್ಲ, ಬಹುಶಃ ಅರ್ಜಿಯಲ್ಲಿ ಅಧ್ಯಾಪಕರ ಸಹಿ ಇಲ್ಲದಿರುವುದೇ ಕಾರಣ. ನಮಗೂ ಹಾಗೇ ಆಗಿತ್ತು. 2015ರ ಮೇನಲ್ಲಿ ಮದ್ರಾಸ್ ಐಐಟಿ ಅಂಬೇಡ್ಕರ್ ಪೆರಿಯಾರ್ ಸ್ಟಡಿ ಸರ್ಕಲ್ ಅನ್ನೋ ವಿದ್ಯಾರ್ಥಿ ಬಳಗದ ಮಾನ್ಯತೆ ಕಿತ್ತು ಜೂನ್‌ನಲ್ಲಿ ವಾಪಸ್ ಕೊಟ್ಟಾಗಲೂ ಜೊತೆಗೊಬ್ಬ ಅಧ್ಯಾಪಕ ಸಲಹೆಗಾರರು ಬಂದರು.

ಮೊದಲು ಒಬ್ಬ ಮೇಷ್ಟ್ರನ್ನು ಒಪ್ಪಿಸಿ, ನಿಮ್ಮ ವಿಭಾಗದವರೇ ಆಗಬೇಕಿಲ್ಲ. ಆಮೇಲೆ ಹೊಸ ಅರ್ಜಿ: ದಿನ, ಗಂಟೆ, ಎಷ್ಟು ಜನ, ಏನು ಓದುತ್ತೀರಿ. "ಸಾಮಾಜಿಕ ನ್ಯಾಯದ ಚರ್ಚೆ" ಅಂತ ಬರೆದರೆ ಹೆದರುತ್ತಾರೆ, "ಸಂವಿಧಾನದ 17ನೇ ವಿಧಿ ಓದು" (ಅಸ್ಪೃಶ್ಯತೆ ನಿಷೇಧದ ವಿಧಿ) ಅಂದರೆ ಬೇಡ ಅನ್ನೋದು ಕಷ್ಟ ಅಲ್ವಾ? ಹೊರಗಿನ ಭಾಷಣಕಾರರು ಮೊದಲ ಸಲ ಬೇಡ. ಎರಡು ಪ್ರತಿ ಒಯ್ದು, ಒಂದರ ಮೇಲೆ ಇನ್‌ವರ್ಡ್ ಸೀಲು (ಅರ್ಜಿ ತಲುಪಿದೆ ಅನ್ನೋ ಮುದ್ರೆ), ನಂಬರ್, ತಾರೀಕು ಹಾಕಿಸಿಕೊಳ್ಳದೆ ಅಲ್ಲಿಂದ ಕದಲಬೇಡಿ; ಊಟದ ಹೊತ್ತು ಅಂತಾರೆ, ಕಾಯಿರಿ. ವಾರ ಬಿಟ್ಟು ಲಿಖಿತ ಕಾರಣ ಕೇಳಿ, ಆ ಪತ್ರದ ಪ್ರತಿ ವಿವಿಯ ಎಸ್‌ಸಿ-ಎಸ್‌ಟಿ ಘಟಕಕ್ಕೂ ಹೋಗಲಿ.

ಆಗಲೂ ಸುಮ್ನಿದ್ದರೆ 10 ರೂಪಾಯಿ ಕಟ್ಟಿ ಆರ್‌ಟಿಐ (ಮಾಹಿತಿ ಹಕ್ಕಿನ) ಅರ್ಜಿ ಹಾಕಿ (ನಿಮ್ಮದು ಸರ್ಕಾರಿ ವಿವಿ ಅಂದುಕೊಂಡು ಹೇಳುತ್ತಿದ್ದೇನೆ). ಈ ವರ್ಷ ಯಾರಿಗೆಲ್ಲ ಹಾಲ್ ಕೊಟ್ಟಿದ್ದೀರಿ, ಯಾವ ನಿಯಮದಡಿ ಅಂತ ಕೇಳಿ. 30 ದಿನದೊಳಗೆ ಉತ್ತರ ಕೊಡಬೇಕು. ಅಲ್ಲಿವರೆಗೆ ಓದು ನಿಲ್ಲಿಸಬೇಡಿ, ಲೈಬ್ರರಿ ಪಕ್ಕದ ಮರದ ಕಟ್ಟೆ ಸಾಕು.