ಮೂರು ಟೀವಿ ಹಾಕಿಸಿದರೆ ಜರ್ಮನಿ ಹತ್ತಿರ ಆಗುತ್ತಾ?

ಪ್ರಶ್ನೆ: ಮಾಚೇನಹಳ್ಳಿಯಲ್ಲಿ ನಮ್ಮದೊಂದು ಸಣ್ಣ ಫೌಂಡ್ರಿ ಇದೆ. ಜರ್ಮನಿಯ ಗಿರಾಕಿಗಳ ಜೊತೆ ತಿಂಗಳಿಗೆ ಎರಡು ಸಲ ವಿಡಿಯೊ ಮೀಟಿಂಗ್. ಒಂದೇ ಲ್ಯಾಪ್‌ಟಾಪ್ ಮುಂದೆ ನಾಲ್ಕು ಜನ ಮುತ್ತಿಕೊಂಡು ಕೂರುತ್ತೇವೆ, ಯಾರು ಮಾತಾಡುತ್ತಿದ್ದಾರೆ ಅಂತ ಅವರಿಗೆ ಗೊತ್ತಾಗುವುದಿಲ್ಲ. ಒಬ್ಬ ಡೀಲರು ಮೂರು ದೊಡ್ಡ ಪರದೆಯ ಕೋಣೆ ಮಾಡಿಕೊಡುತ್ತೇನೆ, ಎದುರಿಗೇ ಕೂತ ಹಾಗಿರುತ್ತದೆ ಅಂತ ಬೆನ್ನು ಬಿದ್ದಿದ್ದಾರೆ. ಹಾಕಿಸಲಾ?
— ಒಬ್ಬ ಓದುಗ, ಶಿವಮೊಗ್ಗ

ಉತ್ತರ: ಅಂಥದೇ ಕೋಣೆ ಆ ಜರ್ಮನಿಯವರ ಹತ್ತಿರ ಇದೆಯಾ, ಮೊದಲು ಕೇಳಿ. ಇಲ್ಲ ಅಂದರೆ ಡೀಲರಿಗೆ ಒಂದು ಕಾಫಿ ಕುಡಿಸಿ ಕಳಿಸಿಬಿಡಿ.

ಡೀಲರು ಹೇಳುವ, ಎದುರಿಗೇ ಕೂತ ಹಾಗೆ ಕಾಣಿಸುವ ಈ ಟೆಲಿಪ್ರೆಸೆನ್ಸ್ ಅನ್ನುವುದು ಜೋಡಿ ಕೋಣೆಯ ಕೆಲಸ. 2006ರಲ್ಲಿ ಅಮೆರಿಕದ ಸಿಸ್ಕೊ ಕಂಪನಿ ತಂದ ದೊಡ್ಡ ಮಾದರಿಯಲ್ಲಿ 65 ಇಂಚಿನ ಮೂರು ಪರದೆ ಇದ್ದವು. ಎರಡೂ ಊರಲ್ಲಿ ಒಂದೇ ಥರದ ಮೇಜು, ಮನುಷ್ಯ ಇರುವಷ್ಟೇ ಗಾತ್ರದಲ್ಲಿ ಕಾಣುತ್ತಾನೆ, ಎಡಗಡೆ ಕೂತವರ ದನಿ ಎಡಗಡೆಯಿಂದಲೇ ಬರುತ್ತದೆ. ಅರ್ಧ ಮೇಜು ಇಲ್ಲಿ, ಇನ್ನರ್ಧ ಅಲ್ಲಿ. ಆ ಕಡೆಯವರು ಲ್ಯಾಪ್‌ಟಾಪ್ ಹಿಡಿದು ಕೂತರೆ ನಿಮ್ಮ ಎರಡು ಟೀವಿ ಸುಮ್ನೆ ಕಪ್ಪಗಿರುತ್ತವೆ, ನಡುವಿನದರಲ್ಲಿ ಅವರ ಗಡ್ಡ ಆಳೆತ್ತರ ಕಾಣುತ್ತದೆ ಅಷ್ಟೇ. 2025ರಲ್ಲಿ ಬಂದ ಗೂಗಲ್ ಬೀಮ್‌ನಲ್ಲಿ ಕನ್ನಡಕ ಇಲ್ಲದೆಯೇ ಮೂರು ಆಯಾಮದಲ್ಲಿ ಕಾಣುತ್ತದೆ ನಿಜ, ಆದರೆ ಒಂದು ಯಂತ್ರಕ್ಕೇ 25 ಸಾವಿರ ಡಾಲರ್ ಹತ್ತಿರ, ಮತ್ತೆ ಎರಡೂ ಕಡೆ ಬೇಕು.

ನಿಮಗೆ 55 ಇಂಚಿನ ಒಂದು ಟೀವಿ ಸಾಕು. ಗೋಡೆಯ ಮೇಲೆ ಎತ್ತರಕ್ಕೆ ಹೊಡೆಸಬೇಡಿ, ಕೂತವರ ಕಣ್ಣಿನ ಮಟ್ಟಕ್ಕಿರಲಿ. ಕ್ಯಾಮೆರಾ ಅದರ ನೆತ್ತಿಯ ಮೇಲೆ, ಗಿರಾಕಿಯ ಮುಖ ಪರದೆಯಲ್ಲಿ ಕ್ಯಾಮೆರಾದ ಕೆಳಗೇ ಬರಬೇಕು. ಇಲ್ಲದಿದ್ದರೆ ನೀವು ಅವರನ್ನೇ ನೋಡುತ್ತಿದ್ದರೂ ಅವರಿಗೆ ನೀವು ತಲೆ ತಗ್ಗಿಸಿ ಕೂತ ಹಾಗೆ ಕಾಣುತ್ತದೆ, ರೇಟು ಮಾತಾಡುವಾಗ ಅದು ಒಳ್ಳೇದಲ್ಲ ಅಲ್ವಾ? ಆರೇಳು ಅಡಿ ಹಿಂದೆ, ನಾಲ್ಕೂ ಜನ ಒಂದೇ ಸಾಲಿನಲ್ಲಿ, ಹೆಣ್ಣು ನೋಡಲು ಬಂದ ಬೀಗರ ಥರ ಕೂತುಬಿಡಿ. ಕಿಟಕಿ ಬೆನ್ನಿಗೆ ಬೇಡ.

ದುಡ್ಡು ಹಾಕುವುದಿದ್ದರೆ ಮೈಕಿಗೆ ಹಾಕಿ. ಚಿತ್ರ ಮಸುಕಾದರೆ ಜನ ಸಹಿಸುತ್ತಾರೆ, ಮಾತು ಕಡಿದರೆ ಸಹಿಸುವುದಿಲ್ಲ. ದನಿ ಒಂದು ಕಡೆಯಿಂದ ಇನ್ನೊಂದು ಕಡೆಗೆ 150 ಮಿಲಿಸೆಕೆಂಡಿನೊಳಗೆ ತಲುಪಬೇಕು ಅನ್ನುವುದು ದೂರಸಂಪರ್ಕದವರ ಲೆಕ್ಕ. ಅದಕ್ಕಿಂತ ತುಂಬ ತಡವಾದರೆ ಇಬ್ಬರೂ ಒಟ್ಟಿಗೇ ಬಾಯಿ ತೆರೆದು, ಒಟ್ಟಿಗೇ ನಿಲ್ಲಿಸಿ, ‘ನೀವು ಹೇಳಿ, ನೀವು ಹೇಳಿ’ ಅನ್ನುತ್ತಾ ಹೊತ್ತು ಹೋಗುತ್ತದೆ. ಅದಕ್ಕೇ ವೈಫೈ ಬಿಟ್ಟು ಕೇಬಲ್ ಎಳೆಸಿ. ಇಂಟರ್ನೆಟ್ ಡಬ್ಬಿಗೂ ಯುಪಿಎಸ್ ಇರಲಿ, ಮಳೆಗಾಲದ ಕರೆಂಟು ನಿಮಗೆ ಗೊತ್ತೇ ಇದೆ.

ಮಳೆ ಅಂದಾಗ ನೆನಪಾಯಿತು. ಸಾಗರದಲ್ಲಿದ್ದ ನಮ್ಮ ಹಳೇ ಆಫೀಸಿಗೆ ತಗಡಿನ ಮಾಡು. ಒಮ್ಮೆ ಜುಲೈನಲ್ಲಿ, ಗಿರಾಕಿಗಳ ಜೊತೆ ವಿಡಿಯೊ ಮೀಟಿಂಗಿನಲ್ಲಿ ಸರಿಯಾಗಿ ರೇಟಿನ ಮಾತಿಗೆ ಬಂದಾಗಲೇ ಮಳೆ ಹೊಯ್ಯಿತು. ಗದ್ದಲ ಅಡಗಿಸುವ ಸಾಫ್ಟ್‌ವೇರ್ ಮಳೆಯ ಜೊತೆ ನನ್ನ ದನಿಯನ್ನೂ ನುಂಗಿತು. ನಾನು ಬೇಡವೆಂದು ಮೌನವಾಗಿದ್ದೇನೆ ಅಂದುಕೊಂಡು ಅವರೇ ರೇಟು ಸ್ವಲ್ಪ ಜಾಸ್ತಿ ಮಾಡಿದರು! ದಿನಾ ಹಾಗಾಗುವುದಿಲ್ಲ, ನೀವು ತಾರಸಿ ಇರುವ ಕೋಣೆಯನ್ನೇ ಹಿಡಿಯಿರಿ.

ಇನ್ನು ಕಾಸ್ಟಿಂಗ್, ಅಂದರೆ ನೀವು ಎರಕ ಹೊಯ್ದ ಪೀಸು, ತೋರಿಸುವುದು. ಅದನ್ನು ಎತ್ತಿ ಟೀವಿಯ ಕ್ಯಾಮೆರಾ ಮುಂದೆ ಹಿಡಿಯಬೇಡಿ, ಮಬ್ಬಾಗುತ್ತದೆ. ಒಂದು ಫೋನಿನಿಂದಲೂ ಅದೇ ಮೀಟಿಂಗಿಗೆ ಸೇರಿಸಿ, ಅದರ ಮೈಕು, ಸ್ಪೀಕರು ಬಂದ್ ಮಾಡಿ. ಟಾರ್ಚನ್ನು ನೇರ ಬಿಡದೆ ಓರೆಯಾಗಿ ಬಿಟ್ಟರೆ ಬ್ಲೋಹೋಲಿನ (ಎರಕದಲ್ಲಿ ಗಾಳಿ ಸಿಕ್ಕಿ ಆದ ತೂತಿನ) ನೆರಳು ಬಿದ್ದು ಗುಳಿ ಸ್ಪಷ್ಟ ಕಾಣುತ್ತದೆ. ಅಳತೆಯ ತಕರಾರಿದ್ದರೆ ಮಾತ್ರ ಯಾವ ಕೋಣೆಯೂ ನಡೆಯುವುದಿಲ್ಲ, ಪೀಸನ್ನೇ ಕೊರಿಯರ್ ಮಾಡಿ.

ಅಂದ ಹಾಗೆ, ಅಕ್ಟೋಬರ್ ಕೊನೆಯ ಭಾನುವಾರ ಅವರು ಗಡಿಯಾರ ಹಿಂದೆ ಹಾಕುತ್ತಾರೆ. ಅವರ ಬೆಳಗಿನ 9 ಗಂಟೆ, ಅಲ್ಲಿವರೆಗೆ ನಮಗೆ 12.30 ಇದ್ದದ್ದು, ಆಮೇಲೆ 1.30 ಆಗುತ್ತದೆ. ಊಟ ಮುಗಿಸಿಕೊಂಡೇ ಕೂರಿ.