ತಲೆ ಎಣಿಕೆ ವಿಮರ್ಶೆಯಾಗುವುದಿಲ್ಲ

ಮಾನ್ಯರೇ,

ಅಣುಬಾಂಬ್ ತಯಾರಿಕೆಯ ಮುಂದಾಳು ವಿಜ್ಞಾನಿಯ ಕಥೆ ಹೇಳುವ 2023ರ ‘ಓಪನ್‌ಹೈಮರ್’ ಚಿತ್ರದಲ್ಲಿ ಮಹಿಳೆಯರಿಗೂ ಕಪ್ಪು ಜನರಿಗೂ ಮೂಲನಿವಾಸಿಗಳಿಗೂ ಜಾಗವಿಲ್ಲವೆಂದು ವಾದಿಸುವ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ನಿಮ್ಮ ಕಳಕಳಿ ನನ್ನದೂ ಹೌದು. ಆದರೆ ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲಾರೆ.

ನೀವು ತೆರೆಯ ಮೇಲಿನ ಮುಖಗಳನ್ನು ಎಣಿಸಿದ್ದೀರಿ. ಎಣಿಕೆ ಮುಗಿದಲ್ಲಿಗೆ ವಾದವೂ ಮುಗಿದಿದೆ. ಬಾಂಬ್ ಯೋಜನೆಯ ಸ್ಥಳಗಳಲ್ಲಿ ಇರಲು ಬಿಡದವರು ಬೇರೆ, ಅಲ್ಲಿದ್ದೂ ಕ್ಯಾಮೆರಾದ ಕಣ್ಣಿಗೆ ಬೀಳದವರು ಬೇರೆ. ಅರ್ನೆಸ್ಟ್ ವಿಲ್ಕಿನ್ಸ್ ಎಂಬ ಕಪ್ಪು ಗಣಿತಜ್ಞರು 13ನೆಯ ವಯಸ್ಸಿಗೆ ಷಿಕಾಗೊ ವಿಶ್ವವಿದ್ಯಾಲಯ ಸೇರಿ 19ಕ್ಕೆ ಡಾಕ್ಟರೇಟ್ ಪಡೆದವರು. 1944ರಿಂದ ಅಲ್ಲಿಯೇ ಅಣುಬಾಂಬ್ ಯೋಜನೆಗಾಗಿ ದುಡಿದವರು. ಅವರ ತಂಡವನ್ನು ಯೋಜನೆಯ ಇನ್ನೊಂದು ಕೇಂದ್ರವಾದ ಟೆನೆಸಿಯ ಓಕ್ ರಿಜ್‌ಗೆ ಕಳುಹಿಸಬೇಕಾಗಿ ಬಂದಾಗ, ವರ್ಣಭೇದದ ಕಟ್ಟಳೆಯಿದ್ದ ಆ ಊರಿಗೆ ಇವರೊಬ್ಬರು ಹೋಗುವಂತಿರಲಿಲ್ಲ. ಅಂಥವರನ್ನು ಬಾಂಬ್ ರೂಪುಗೊಂಡ ಲಾಸ್ ಅಲಾಮೋಸ್‌ನ ಸಭೆಯಲ್ಲಿ ಕೂರಿಸಿ ತೋರಿಸಿದ್ದರೆ ನಿಮ್ಮ ಲೆಕ್ಕ ಸರಿಹೋಗುತ್ತಿತ್ತು, ಅವರಿಗಾದ ಅನ್ಯಾಯ ಅಳಿಸಿಹೋಗುತ್ತಿತ್ತು.

ಎರಡನೆಯ ಗುಂಪಿನ, ಅಂದರೆ ಅಲ್ಲಿದ್ದೂ ಕಾಣದವರ, ವಿಷಯದಲ್ಲಿ ನಿಮ್ಮ ಸಿಟ್ಟು ನ್ಯಾಯವಾದದ್ದೇ, ಆದರೆ ಸಾಕ್ಷ್ಯ ಸಾಲದು. ‘ಒಬ್ಬಳೂ ವಿಜ್ಞಾನಿಯಿಲ್ಲ’ ಎಂಬ ನಿಮ್ಮ ಮಾತು ತಪ್ಪು. ರಸಾಯನಶಾಸ್ತ್ರಜ್ಞೆ ಲಿಲ್ಲಿ ಹಾರ್ನಿಗ್ ಚಿತ್ರದಲ್ಲಿದ್ದಾರೆ, ಟೈಪಿಂಗ್ ಬರುತ್ತದೆಯೇ ಎಂದು ಅವರನ್ನು ಕೇಳಿದ ಸಂಗತಿಯೂ ಇದೆ. ಇಲ್ಲದವರು ಫ್ಲಾಯ್ ಆಗ್ನೆಸ್ ಲೀ. ತಂದೆಯ ಕಡೆಯಿಂದ ಸಾಂತಾ ಕ್ಲಾರಾ ಪ್ವೆಬ್ಲೊ ಎಂಬ ಮೂಲನಿವಾಸಿಗಳ ಊರಿನವರಾದ ಈ ತರುಣಿ ಲಾಸ್ ಅಲಾಮೋಸ್‌ನ ವಿಜ್ಞಾನಿಗಳ ರಕ್ತ ತೆಗೆದು ಪರೀಕ್ಷಿಸುತ್ತಿದ್ದರು. ಸುತ್ತಲಿನ ಪ್ವೆಬ್ಲೊಗಳಿಂದ ಹೆಂಗಸರು ದಿನವೂ ಬಂದು ವಿಜ್ಞಾನಿಗಳ ಮನೆಗೆಲಸ ಮಾಡುತ್ತಿದ್ದರು. ಆ ನೆಲವನ್ನು ಮೂಲನಿವಾಸಿಗಳಿಗೆ ಹಿಂದಿರುಗಿಸಿ ಎಂದು ಚಿತ್ರದ ನಾಯಕ ಓಪನ್‌ಹೈಮರ್ ಅಮೆರಿಕದ ಅಧ್ಯಕ್ಷ ಟ್ರೂಮನ್ನರಿಗೆ ಹೇಳುವ ಒಂದು ಮಾತು ಚಿತ್ರದಲ್ಲಿದೆ. ಆ ಜನರ ಬಾಯಲ್ಲಿ ಒಂದು ಮಾತೂ ಇಲ್ಲ. ಈ ವ್ಯತ್ಯಾಸ ನಿಮ್ಮ ಕಣ್ಣಿಗೆ ಬೀಳಬೇಕಿತ್ತು.

ಹಿರೋಷಿಮಾವನ್ನು ತೋರಿಸದಿರುವುದು ಹೇಡಿತನವೆಂದು ಒಂದೇ ವಾಕ್ಯದಲ್ಲಿ ತೀರ್ಪಿತ್ತಿದ್ದೀರಿ. ಚಿತ್ರಕಥೆಯ ಬಹುಭಾಗವನ್ನು ನಾಯಕನ ‘ನಾನು’ವಿನಲ್ಲೇ ಬರೆಯಲಾಗಿದೆ, ಅವನು ಕಂಡದ್ದಷ್ಟೇ ನಮಗೆ ಕಾಣುತ್ತದೆ ಎಂಬ ಸಮರ್ಥನೆ ಗಟ್ಟಿಯಾದದ್ದು, ಅದನ್ನು ಎದುರಿಸದೆ ಮುಂದೆ ಹೋಗುವಂತಿಲ್ಲ. ಎದುರಿಸಲು ಬೇಕಾದ ದೃಶ್ಯ ಚಿತ್ರದಲ್ಲೇ ಇದೆ. ಬಾಂಬ್ ಬಿದ್ದ ಸುದ್ದಿಯ ನಂತರ ಅವನು ಸಭಾಂಗಣದಲ್ಲಿ ಭಾಷಣ ಮಾಡುವಾಗ ಎದುರಿನ ಯುವತಿಯೊಬ್ಬಳ ಮುಖದ ಚರ್ಮ ಸುಲಿದು ಹೋಗುತ್ತಿರುವಂತೆ ಭಾಸವಾಗುತ್ತದೆ. ಅವಳು ಬಿಳಿಯಳು, ಅವನದೇ ಊರಿನವಳು. ಜಪಾನಿನ ಸಂಕಟವನ್ನು ಊಹಿಸುವಾಗಲೂ ಅವನ ಮನಸ್ಸಿಗೆ ಜಪಾನಿ ಮುಖ ಬರಲಿಲ್ಲ. ಇದು ನಾಯಕನ ಮಿತಿಯನ್ನು ತೋರಿಸಲು ನಿರ್ದೇಶಕರು ಬೇಕೆಂದೇ ಮಾಡಿದ್ದೋ, ನಿರ್ದೇಶಕರದೇ ಮಿತಿಯೋ? ನನಗೆ ಎರಡನೆಯದೆನಿಸುತ್ತದೆ. ನೀವು ಒಪ್ಪಬೇಕಾಗಿಲ್ಲ, ಆದರೆ ಲೇಖನದ ಜೀವ ಇಲ್ಲಿದೆ.

ಪ್ರಣಯದೃಶ್ಯದಲ್ಲಿ ಭಗವದ್ಗೀತೆಯನ್ನು ಓದಿಸಿದ್ದರ ವಿವಾದ ಕುರಿತ ಎರಡು ಪುಟಗಳನ್ನು ದಯವಿಟ್ಟು ತೆಗೆದುಹಾಕಿ. ಅಲ್ಲಿರುವುದು ನಮ್ಮ ಮನಸ್ಸಿಗಾದ ನೋವು. ಚಿತ್ರದಲ್ಲಿ ಕಾಣದವರ ಬಗ್ಗೆ ಹೊರಟ ಲೇಖನ ಅಲ್ಲಿ ದಾರಿ ತಪ್ಪುತ್ತದೆ.

ಸಭಾಂಗಣದ ದೃಶ್ಯದಿಂದಲೇ ಆರಂಭಿಸಿ, 1,200 ಪದಗಳೊಳಗೆ ಮತ್ತೆ ಬರೆದು ಕಳುಹಿಸಿ. ಬಂದ ದಿನವೇ ಓದುತ್ತೇನೆ.

ಇತಿ,
ಸಂಪಾದಕ