ಬಿಎಸ್ಸಿ ಆದ ಮೇಲೆ ಎಂಎಸ್ಸಿ ಸ್ಟ್ಯಾಟಿಸ್ಟಿಕ್ಸ್ ಎಲ್ಲಿ ಮಾಡಲಿ? ಡೇಟಾ ಸೈನ್ಸ್‌ಗೆ ಸೇರುವುದು ಒಳ್ಳೆಯದಾ?

ನೀವು ಹಾಸನದಲ್ಲಿ ಬಿಎಸ್ಸಿ ಎರಡನೇ ವರ್ಷ ಮುಗಿಸುತ್ತಿದ್ದೀರಿ. ಸ್ಟ್ಯಾಟಿಸ್ಟಿಕ್ಸ್ ಇಷ್ಟ. ಮನೆಯವರು ಮಾತ್ರ ಸಾಲ ಮಾಡಿಯಾದರೂ ಬೆಂಗಳೂರಿನ ಖಾಸಗಿ ವಿಶ್ವವಿದ್ಯಾಲಯದಲ್ಲಿ ಡೇಟಾ ಸೈನ್ಸ್ ಓದಿಸುತ್ತೇವೆ ಅನ್ನುತ್ತಿದ್ದಾರೆ. ನನ್ನನ್ನು ಕೇಳಿದರೆ ಆ ಸಾಲ ಬೇಡ. ನಾನು ಎಂಎಸ್ಸಿ ಮಾಡಿದ್ದು ಸರ್ಕಾರಿ ವಿಶ್ವವಿದ್ಯಾಲಯದಲ್ಲೇ. ಈಗ ಔಷಧ ಪ್ರಯೋಗಗಳ ಅಂಕಿಅಂಶ ನೋಡುವ ಕೆಲಸ. ಹೊಸಬರ ಇಂಟರ್‌ವ್ಯೂನಲ್ಲೂ ಕೂರುತ್ತೇನೆ. ಕೋಡ್ ಎಲ್ಲರೂ ಬರೆಯುತ್ತಾರೆ. ಪಿ-ವ್ಯಾಲ್ಯೂ ಅಂದರೆ ಏನು, ಸ್ಟ್ಯಾಂಡರ್ಡ್ ಎರರ್ ಯಾಕೆ ಕಡಿಮೆಯಾಯಿತು ಅಂತ ಕೇಳಿದಾಗಲೇ ಹಲವರು ತಡವರಿಸುವುದು.

ಮೊದಲು ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್, ಅಂದರೆ ಐಎಸ್‌ಐ. 1931ರಲ್ಲಿ ಸಂಖ್ಯಾಶಾಸ್ತ್ರಜ್ಞ ಮಹಾಲನೋಬಿಸ್ ಅವರು ಕೋಲ್ಕತ್ತದಲ್ಲಿ ಕಟ್ಟಿದ ಸಂಸ್ಥೆ. ಬೆಂಗಳೂರಿನ ಮೈಸೂರು ರಸ್ತೆಯಲ್ಲಿ ಅದರ ಕೇಂದ್ರ ಇದೆಯಲ್ಲ, ಅಲ್ಲೇ ಓದಿದರಾಯಿತು ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಆದರೆ ಎಂ.ಸ್ಟ್ಯಾಟ್, ಅಂದರೆ ಅವರ ಸ್ಟ್ಯಾಟಿಸ್ಟಿಕ್ಸ್ ಸ್ನಾತಕೋತ್ತರ ಕೋರ್ಸ್, ನಡೆಯುವುದು ಕೋಲ್ಕತ್ತ ಮತ್ತು ದೆಹಲಿಯಲ್ಲಿ. ಬೋಧನಾ ಶುಲ್ಕ ಇಲ್ಲದೆ, ಮೇಲೆ ಸ್ಟೈಪೆಂಡ್ ಕೊಟ್ಟು ಓದಿಸುತ್ತಾ ಬಂದಿರುವ ಜಾಗ ಅದು. ಪ್ರವೇಶ ಪರೀಕ್ಷೆ ಸುಲಭ ಅಲ್ಲ. ಒಂದು ಪತ್ರಿಕೆಯಲ್ಲಿ ಉತ್ತರವನ್ನು ಪೂರ್ತಿ ಬಿಡಿಸಿ ಬರೆಯಬೇಕು.

ಹಳೆಯ ಪ್ರಶ್ನೆಪತ್ರಿಕೆಗಳು ಅವರ ವೆಬ್‌ಸೈಟಿನಲ್ಲೇ ಸಿಗುತ್ತವೆ. ಇವತ್ತೇ ಒಂದನ್ನು ಇಳಿಸಿಕೊಂಡು ಕೂತುಕೊಳ್ಳಿ. ಅಂಕ ಲೆಕ್ಕ ಹಾಕಬೇಡಿ. ಬಿಡಿಸಲಾಗದ ಲೆಕ್ಕ ರಾತ್ರಿಯೂ ತಲೆಯಲ್ಲಿ ಸುತ್ತುತ್ತಿದ್ದರೆ ನಿಮಗೆ ಥಿಯರಿ ಜಾಸ್ತಿ ಇರುವ ಕೋರ್ಸ್ ಹೊಂದುತ್ತದೆ. ಬೇಸರ ಬಂದು ಪುಸ್ತಕ ಮುಚ್ಚಿದರೆ ಅನ್ವಯದ ಕಡೆ ಒಲವಿರುವ ವಿಭಾಗ ಹುಡುಕಿ. ಎರಡರಲ್ಲೂ ಕೆಲಸ ಸಿಗುತ್ತದೆ.

ಐಐಟಿಗಳಲ್ಲಿ ಎಂಎಸ್ಸಿ ಸೇರಲು ಜಾಮ್ ಅನ್ನುವ ಪ್ರವೇಶ ಪರೀಕ್ಷೆ, ಫೆಬ್ರವರಿಯಲ್ಲಿ. ಮ್ಯಾಥಮೆಟಿಕಲ್ ಸ್ಟ್ಯಾಟಿಸ್ಟಿಕ್ಸ್ ಪತ್ರಿಕೆ ಆರಿಸಿಕೊಳ್ಳಿ. ಮೂರು ಗಂಟೆ, 60 ಪ್ರಶ್ನೆ, 100 ಅಂಕ. ಕಾನ್ಪುರ, ಬಾಂಬೆ ಎರಡೂ ಚೆನ್ನಾಗಿವೆ. ಕ್ಯಾಲ್ಕುಲಸ್, ಲೀನಿಯರ್ ಆಲ್ಜಿಬ್ರಾ, ಪ್ರಾಬಬಿಲಿಟಿ ಗಟ್ಟಿಯಿದ್ದರೆ ಒಂದೇ ತಯಾರಿ ಎರಡೂ ಪರೀಕ್ಷೆಗೆ ಸಾಕಷ್ಟು ಆಗುತ್ತದೆ.

ಎರಡೂ ಆಗಲಿಲ್ಲ ಅಂದರೆ ಮೈಸೂರು, ಧಾರವಾಡ, ಬೆಂಗಳೂರು, ಮಂಗಳೂರಿನ ಸರ್ಕಾರಿ ವಿಶ್ವವಿದ್ಯಾಲಯಗಳು ಇದ್ದೇ ಇವೆ. ಇಲ್ಲಿ ಮಾತ್ರ ಹೆಸರು ನೋಡಿ ಸೇರಬೇಡಿ, ವಿಭಾಗಕ್ಕೆ ಹೋಗಿ ಬನ್ನಿ. ಕಾಯಂ ಅಧ್ಯಾಪಕರು ಎಷ್ಟು ಜನ ಉಳಿದಿದ್ದಾರೆ? ಲೀನಿಯರ್ ಮಾಡೆಲ್ಸ್, ಇನ್‌ಫರೆನ್ಸ್ ಯಾರು ಹೇಳಿಕೊಡುತ್ತಾರೆ? ಸಿಲಬಸ್‌ನಲ್ಲಿ ಸರ್ವೈವಲ್ ಅನಾಲಿಸಿಸ್, ಟೈಮ್ ಸೀರೀಸ್ ಇದ್ದರೂ ಆ ವರ್ಷ ನಿಜವಾಗಿ ನಡೆಯುತ್ತವಾ? ಲ್ಯಾಬ್‌ನಲ್ಲಿ ಆರ್ ಅಥವಾ ಪೈಥಾನ್ ಕೈಯಾರೆ ಮಾಡಿಸುತ್ತಾರಾ? ಇದನ್ನೆಲ್ಲ ವಿಭಾಗದ ಮುಖ್ಯಸ್ಥರಿಗಿಂತ ಕ್ಯಾಂಟೀನಿನಲ್ಲಿ ಸಿಗುವ ಸೀನಿಯರ್‌ಗಳನ್ನು ಕೇಳುವುದು ವಾಸಿ. ಒಂದು ಅಂದಾಜು ಎಷ್ಟು ನಿಖರವಾಗಬಹುದು ಅನ್ನುವುದಕ್ಕೆ ಮಿತಿ ಹೇಳುವ ಕ್ರಾಮರ್-ರಾವ್ ಅಸಮತೆಯನ್ನು ಬೋರ್ಡಿನ ಮೇಲೆ ಸಾಧಿಸಿ ತೋರಿಸಿದರಾ, ಇಲ್ಲ ಸುಮ್ನೆ ನೋಟ್ಸ್ ಕೊಟ್ಟರಾ ಅಂತಲೂ ಕೇಳಿ. (ಆ ರಾವ್ ಅಂದರೆ 1920ರಲ್ಲಿ ನಮ್ಮ ಹೂವಿನಹಡಗಲಿಯಲ್ಲಿ ಹುಟ್ಟಿದ ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್. ಆದರೂ ಎಷ್ಟೋ ವಿದ್ಯಾರ್ಥಿಗಳಿಗೆ ಇದು ಗೊತ್ತಿರುವುದಿಲ್ಲ.)

ಡೇಟಾ ಸೈನ್ಸ್ ಕೋರ್ಸ್‌ಗಳೆಲ್ಲ ಕೆಟ್ಟವು ಅಂತಲ್ಲ. ಚೆನ್ನೈ ಮ್ಯಾಥಮೆಟಿಕಲ್ ಇನ್‌ಸ್ಟಿಟ್ಯೂಟ್‌ನದು ಗಣಿತ ಬಿಡದೆ ಕಲಿಸುವ ಕೋರ್ಸ್. ಆದರೆ ಪ್ರಾಬಬಿಲಿಟಿಯನ್ನು ಒಂದೇ ಸೆಮಿಸ್ಟರಿನಲ್ಲಿ ಮುಗಿಸಿ, ಉಳಿದದ್ದೆಲ್ಲ ಸಾಫ್ಟ್‌ವೇರ್ ಹೆಸರುಗಳಿಂದ ತುಂಬಿರುವ ಸಿಲಬಸ್ ಕಂಡರೆ ದುಡ್ಡು ಕಟ್ಟಬೇಡಿ. ಆ ಸಾಫ್ಟ್‌ವೇರ್ ಮನೆಯಲ್ಲೇ ಕಲಿಯಬಹುದು. ಮುಂದೆ ಡಿಗ್ರಿ ಕಾಲೇಜಿನಲ್ಲಿ ಸ್ಟ್ಯಾಟಿಸ್ಟಿಕ್ಸ್ ಪಾಠ ಮಾಡುವ ಆಸೆ ಇದ್ದರೆ ಇನ್ನೊಂದು ತೊಡಕಿದೆ. ಅದಕ್ಕೆ ಸಾಮಾನ್ಯವಾಗಿ ಕೆಸೆಟ್ ಅಥವಾ ನೆಟ್ ಅನ್ನುವ ಅಧ್ಯಾಪಕರ ಅರ್ಹತಾ ಪರೀಕ್ಷೆಯ ಜೊತೆಗೆ ಆ ವಿಷಯದ ಅಥವಾ ಅದಕ್ಕೆ ಸಂಬಂಧಿಸಿದ ವಿಷಯದ ಸ್ನಾತಕೋತ್ತರ ಪದವಿ ಕೇಳುತ್ತಾರೆ. ಡೇಟಾ ಸೈನ್ಸ್ ಅಂತ ಬರೆದ ಅಂಕಪಟ್ಟಿಗೆ ಅಲ್ಲಿ ತಕರಾರು ಬರಬಹುದು.

ಜಾಮ್‌ಗೆ ಅರ್ಜಿ ಸಾಮಾನ್ಯವಾಗಿ ಸೆಪ್ಟೆಂಬರ್-ಅಕ್ಟೋಬರ್ ಹೊತ್ತಿಗೆ ಕರೆಯುತ್ತಾರೆ, ಐಎಸ್‌ಐಗೆ ಆಮೇಲೆ. ಮೂರನೇ ವರ್ಷದಲ್ಲಿ ಎರಡನ್ನೂ ಬರೆಯಿರಿ, ಫಲಿತಾಂಶ ಬರುವ ತನಕ ಖಾಸಗಿಯವರಿಗೆ ಅಡ್ವಾನ್ಸ್ ಕಟ್ಟಬೇಡಿ ಅಂತ ಮನೆಯಲ್ಲಿ ಹೇಳಿ.